ಮೂವತ್ತೆರಡಕ್ಕೆ ಇಳಿಸಿದ ದನಿ

ಮೆಟ್ಟಿಲ ಮೇಲೆ ವಿಘ್ನೇಶ್ವರ ಮಾಸ್ತರರ ಚಪ್ಪಲಿ ಸದ್ದು ಕೇಳಿದ್ದೇ ನಾನು ಹೆಡ್‌ಫೋನ್ ಕಿತ್ತು ಡ್ರಾಯರಿಗೆ ತುರುಕಿದೆ. ಹದಿನೈದು ದಿನ ಮೊದಲಾಗಿದ್ದರೆ ಅದೇ ಸದ್ದಿಗೆ ತಲೆ ಬಾಚಿಕೊಂಡಿದ್ದೆನಾ ಎಂದು ಮಾನಿಟರಿನ ಗಾಜಿನಲ್ಲಿ ನೋಡಿಕೊಳ್ಳುತ್ತಿದ್ದೆ. ಈಗ ಮಾನಿಟರನ್ನೇ ಆರಿಸಿಬಿಟ್ಟೆ.

"ಎಂತ ವಿನುತಾ ಅವ್ರೆ, ಮೈ ಸರಿ ಇಲ್ವಾ?"

"ಹಂಗೆಂತಾ ಇಲ್ಲ ಮಾಸ್ತರೇ. ಸೆಕೆ."

ಡಿಸೆಂಬರಿನಲ್ಲಿ ಸೆಕೆ! ಅವರು ತಿರುಗದ ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು, ನಗಲಿಲ್ಲ. ಬೇರೆ ದಿನವಾಗಿದ್ದರೆ ಇದೊಂದೇ ಮಾತು ಹಿಡಿದು ಅರ್ಧ ಗಂಟೆ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು.

ಇದು ಎರಡು ಸಾವಿರದ ನಾಲ್ಕರ ಮಾತು. ಕುಮಟೆಯ ಬಸ್ ಸ್ಟ್ಯಾಂಡ್ ಎದುರು ಕೃಷ್ಣಾನಂದಣ್ಣನ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಟೈಪಿಂಗ್ ಮಾಡುತ್ತಿದ್ದೆ, ಜೊತೆಗೆ ಹಳೇ ಕ್ಯಾಸೆಟ್ಟುಗಳನ್ನು ಎಂಪಿತ್ರೀ ಮಾಡಿ ಸಿಡಿಗೆ ಹಾಕಿ ಕೊಡುತ್ತಿದ್ದೆ. ಆ ಕೆಲಸ ಇಡೀ ಪೇಟೆಯಲ್ಲಿ ನನ್ನೊಬ್ಬಳಿಗೇ ಬರುವುದು ಎಂಬ ಜಂಬ ಬೇರೆ ಇತ್ತು.

ಮಾಸ್ತರರು ಮಿರ್ಜಾನದ ಶಾಲೆಯವರು, ಮನೆ ಹಿರೇಗುತ್ತಿ. ಅವರ ಅವ್ವಿ ಬಂಗಾರಿ, ಊರಲ್ಲಿ ಯಾರ ಮದುವೆಯಾದರೂ ಹಾಡು ಹೇಳಲು ಕರೆಸಿಕೊಳ್ಳುವ ಹೆಂಗಸು. ಆಕೆಗೆ ಗಂಟಲ ಕ್ಯಾನ್ಸರ್. ಆಪರೇಶನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಮಂಗಳೂರಿನ ಡಾಕ್ಟರು ಮೊದಲೇ ಹೇಳಿದ್ದರು. ಬಂಗಾರಿಯದು ಒಂದೇ ಹಟ: "ಮಗನ ಮದುವೇಲಿ ನನ್ನ ದನಿ ಇರೂಕೇ ಬೇಕು." ಹಾಗಾಗಿ ಮಾಸ್ತರರು ಆಕೆಯನ್ನೂ ಜೊತೆಗಾತಿ ಗಂಗಿಯನ್ನೂ ಕೂರಿಸಿಕೊಂಡು ಇಪ್ಪತ್ತೇಳು ಕ್ಯಾಸೆಟ್ ತುಂಬಿದರು.

ದಿನಾ ಸಂಜೆ ಶಾಲೆ ಬಿಟ್ಟು ಎರಡೆರಡು ಕ್ಯಾಸೆಟ್ ತರುತ್ತಿದ್ದರು. ಕ್ಯಾಸೆಟ್ ಒಂದು ಗಂಟೆ ಓಡಿದರೆ ಕಂಪ್ಯೂಟರಿಗೆ ಇಳಿಯಲೂ ಒಂದು ಗಂಟೆ. ಆ ಎರಡು ಗಂಟೆ ಅವರು ಎದುರಿನ ಸ್ಟೂಲಿನಲ್ಲಿ ಕೂತು, ನನ್ನ ಬೆರಳು ಕೀಬೋರ್ಡಿನ ಮೇಲೆ ಓಡುವುದನ್ನು ಕದ್ದು ನೋಡುತ್ತ, ನಾನು ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

"ಇವತ್ತು ಎಂತ ತಿಥಿ ಮಾಸ್ತರೇ?"

"ಎಂತಕ್ಕೆ?"

"ಅಷ್ಟೊತ್ತಿಂದ ಅದನ್ನೇ ನೋಡ್ತಿದ್ರಿ, ಗೊತ್ತಾಗಿರ್ಬೇಕು ಅಂತ."

ಕಿವಿ ಕೆಂಪಾಗುತ್ತಿತ್ತು ಅವರಿಗೆ. ನಾನು ಕೇಳುತ್ತಿದ್ದದ್ದು ಹಾಡನ್ನಲ್ಲ, ಅವರನ್ನು. ತಪ್ಪಾದದ್ದು ಅಲ್ಲೇ.

ಎಂಪಿತ್ರೀ ಮಾಡುವಾಗ ದನಿಯನ್ನು ಎಷ್ಟು ಕುಗ್ಗಿಸಬೇಕೆಂದು ಒಂದು ಅಂಕಿ ಕೊಡಬೇಕು, ಅಂಕಿ ಇಳಿದಷ್ಟೂ ಫೈಲು ಸಣ್ಣದು. ನೂರಾ ಇಪ್ಪತ್ತೆಂಟರ ಸೆಟ್ಟಿಂಗ್ ಇಟ್ಟರೆ ಮೂರು ಸಿಡಿ ಬೇಕು, ಅರವತ್ನಾಲ್ಕಕ್ಕೆ ಎರಡು, ಮೂವತ್ತೆರಡಕ್ಕೆ ಒಂದೇ ಸಾಕು. "ಇಪ್ಪತ್ತೇಳೂ ಒಂದೇ ಸಿಡೀಲಿ ಹಾಕಿ ಕೊಡ್ತೆ, ನೋಡ್ತಾ ಇರಿ," ಎಂದು ಬಡಾಯಿ ಕೊಚ್ಚಿ ಮೂವತ್ತೆರಡು ಇಟ್ಟೆ. ಹರಿಕಥೆಗೆಲ್ಲ ಅಷ್ಟೇ ಇಡುತ್ತಿದ್ದೆ, ಯಾರೂ ದೂರಿರಲಿಲ್ಲ. ಪರೀಕ್ಷೆಗೆಂದು ಪ್ರತಿ ಹಾಡಿನ ಮೊದಲ ಸಾಲು ಕೇಳಿದೆ. ಸ್ವಚ್ಛವಾಗಿತ್ತು. ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಕ್ಯಾಸೆಟ್ಟಿನಿಂದ ಇಳಿಸಿದ ಮೂಲ ದೊಡ್ಡ ಫೈಲುಗಳನ್ನು ದಿನಾ ಅಳಿಸಿದೆ. ಸಾಲದ್ದಕ್ಕೆ, "ಕ್ಯಾಸೆಟ್ ಇನ್ನೆಂತಕ್ಕೆ? ಯಾರಿಗಾದ್ರೂ ಕೊಟ್ಟುಬಿಡಿ," ಎಂದೆ. ಅವರು ನನ್ನ ಮಾತು ನಂಬಿ ಪಕ್ಕದ ಮನೆಯ ಮಾದೇವನಿಗೆ ಕೊಟ್ಟರು. ಮಾದೇವ ಇಪ್ಪತ್ತೇಳರ ಮೇಲೂ ಯಕ್ಷಗಾನ ತುಂಬಿಕೊಂಡ.

ಆಪರೇಶನ್ ಆದ ಮೇಲೆ ಇನ್ನೊಂದು ಪ್ರತಿ ಮಾಡೋಣವೆಂದು ಒಂದು ಹಾಡನ್ನು ಪೂರ್ತಿ ಕೇಳಿದೆ. ಆಗ ತಿಳಿಯಿತು. ಆ ಹಾಡುಗಳಲ್ಲಿ ಮೊದಲ ಸೊಲ್ಲು ಎತ್ತುವವಳು ಗಂಗಿ, ಅವಳದು ಗಟ್ಟಿ ಕಂಠ. ಅವಳು ಮುಗಿಸುವ ಮೊದಲೇ ಬಂಗಾರಿ ಆ ಸೊಲ್ಲಿನ ಕೊನೆ ಹಿಡಿದು ಜೊತೆ ಸೇರಬೇಕು. ಕಾಯಿಲೆಯಲ್ಲಿ ಆಕೆಯ ದನಿ ನೂಲಿನಷ್ಟಾಗಿತ್ತು. ಕಡಿಮೆ ಸೆಟ್ಟಿಂಗಿನಲ್ಲಿ ಕಂಪ್ಯೂಟರು ಮೊದಲು ಎಸೆಯುವುದೇ ಜೋರು ದನಿಯ ಅಡಿಯಲ್ಲಿರುವ ಸಣ್ಣ ದನಿಯನ್ನು. ಗಂಗಿ ಉಳಿದಿದ್ದಳು. ಬಂಗಾರಿ ಇರಬೇಕಾದ ಕಡೆ ನೀರು ಗುಳುಗುಳು ಎಂದ ಹಾಗೆ ಏನೋ ಒಂದು. ಇಪ್ಪತ್ತೇಳನ್ನೂ ಕೇಳಿದೆ. ಎಲ್ಲ ಕಡೆ ಅದೇ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದಾಗ ಹೆಡ್‌ಫೋನಿನಲ್ಲಿ ಓಡುತ್ತಿದ್ದುದೂ ಅದೇ. ಹೇಳದೆ ಉಳಿದರೆ ದ್ರೋಹ, ಹೇಳಿದರೆ ಈ ಮನುಷ್ಯ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ.

"ಅವ್ವಿ ನಾಳೆ ಆಸ್ಪತ್ರೆಯಿಂದ ಬತ್ತದೆ," ಎಂದರು ಮಾಸ್ತರರು. "ಸಿಡಿ ಹಾಕು ಅಂತ ಈಗಲೇ ಕೈಸನ್ನೆ ಮಾಡ್ತದೆ."

"ಮಾಸ್ತರೇ, ಅವ್ವಿ ದನಿ ಅದ್ರಲ್ಲಿ ಇಲ್ಲ."

ಬಾಯಿಂದ ಬಿದ್ದೇ ಹೋಯಿತು. ಮುಂದಿನದನ್ನೆಲ್ಲ ಅಳುತ್ತಲೇ ಹೇಳಿದೆ. ಅವರು ಸ್ಟೂಲಿನಲ್ಲಿ ಕೂತು ನೆಲ ನೋಡಿದರು.

"ಗೊತ್ತದೆ ನಂಗೆ."

"ಯಾವಾಗಿಂದ?"

"ಸಿಡಿ ತಕಂಡು ಹೋದ ದಿನದಿಂದ. ಅಷ್ಟೊತ್ತಿಗೆ ಆಪರೇಶನ್ನೂ ಆಗೋಗಿತ್ತು, ಕ್ಯಾಸೆಟ್ಟೂ ಹೋಗಿತ್ತು."

"ಮತ್ತೆ ಬೈಲಿಲ್ಲ ಯಾಕೆ? ಕೇಳೂಕೆ ಆಗ್ತಿರಲಿಲ್ವಾ?"

"ಕೇಳಿದ್ರೆ ನೀವು ನನ್ನ ಮೋರೆ ನೋಡೂದು ಬಿಟ್ಟುಬಿಡ್ತೀರಿ ಅಂತ ಹೆದರಿಕೆ. ಅವ್ವಿ ದನಿ ಹೋತು. ನೀವೂ ಹೋದ್ರೆ?" ಅವರು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು. "ಮೂರು ಸಲ ಬಂದೆ ಹೇಳೂಕೆ. ಕ್ಯಾಲೆಂಡರ್ ನೋಡ್ಕಂಡು ವಾಪಸು ಹೋದೆ."

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಬೆನ್ನಿಗೇ ಇನ್ನೂ ದೊಡ್ಡ ಭಯ ಬಂದು ಕೂತಿತು: ನಾಳೆ ಆಕೆ ಕೇಳುತ್ತಾಳೆ.

"ಅವ್ರಿಗೆ ನಾನೇ ಹೇಳ್ತೆ," ಎಂದೆ.

ಮರುದಿನ ಭಾನುವಾರ, ಹಿರೇಗುತ್ತಿಯ ಬಸ್ಸಿನಲ್ಲಿ ಕೂತವಳಿಗೆ, ಟಯರ್ ಪಂಕ್ಚರ್ ಆಗಲಿ ದೇವರೇ ಎಂದು ಬೇಡಿಕೊಳ್ಳುವಷ್ಟು ಹೆದರಿಕೆ. ಪಂಕ್ಚರ್ ಆಗಲಿಲ್ಲ.

ನಾನು ಹೋಗುವಷ್ಟರಲ್ಲಿ ಬಂಗಾರಿ ಸಿಡಿ ಹಾಕಿಸಿಕೊಂಡು ಜಗಲಿಯಲ್ಲಿ ಕೂತಾಗಿತ್ತು, ಪಕ್ಕದಲ್ಲಿ ಗಂಗಿ. ಬಂಗಾರಿಯ ಕುತ್ತಿಗೆಗೆ ಬಿಳಿ ಬಟ್ಟೆ. ಗಂಗಿಯ ದನಿ ಬಂತು. ತನ್ನ ಸರದಿ ಬರುವ ಹೊತ್ತಿಗೆ ಬಂಗಾರಿಯ ಬೆರಳು ತೊಡೆಯ ಮೇಲೆ ಎದ್ದು ನಿಂತಿತು. ಗುಳುಗುಳು. ಬೆರಳು ಹಾಗೇ ನಿಂತಿತ್ತು. ಆಕೆ ಮಗನನ್ನು ನೋಡಿದಳು.

"ನಾನು ಹಾಳು ಮಾಡ್ದೆ ಅವ್ವಿ," ಎಂದು ಹೊಸಿಲ ಹತ್ತಿರವೇ ಕೂತೆ. "ಒಂದೇ ಸಿಡೀಲಿ ತುಂಬ್ತೆ ಅಂತ ಸೊಕ್ಕು ಮಾಡ್ದೆ. ಮಾಸ್ತರರ ತಪ್ಪಲ್ಲ."

ಬಂಗಾರಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎದ್ದು ಒಳಗೆ ಹೋದಳು. ಗಂಗಿ ಸಿಡಿ ನಿಲ್ಲಿಸಿದಳು. ಎದ್ದು ಬಸ್ಸಿಗೆ ಓಡಬೇಕೆನ್ನಿಸಿತು, ಹೊಸಿಲು ಬಿಡದೆ ಕೂತೆ.

ಆಕೆ ಚಾಪೆ ಹಿಡಿದು ಬಂದಳು. ಗಂಗಿಯ ಪಕ್ಕ ಹಾಸಿದಳು. ನನ್ನ ರಟ್ಟೆ ಹಿಡಿದು, ನೋಯುವಷ್ಟು ಒತ್ತಿ, ಅಲ್ಲಿ ಕೂರಿಸಿದಳು. ಆಮೇಲೆ ಎದುರು ಕೂತು, ತನ್ನ ತುಟಿ ತೋರಿಸಿ, ನನ್ನ ಬಾಯಿ ತೋರಿಸಿದಳು.

"ನೀನು ಹೇಳ್ಬೇಕಂತೆ," ಎಂದಳು ಗಂಗಿ. "ಅವ್ಳ ಬದ್ಲಿಗೆ."

"ನಂಗೆ ಹಾಡೂಕೆ ಬರೂದಿಲ್ಲ!"

ಬಂಗಾರಿಗೆ ಅದು ಕೇಳಿಸಲೇ ಇಲ್ಲವೇನೋ. ಗಂಗಿ ಸೊಲ್ಲು ಎತ್ತಿದಳು. ಬಂಗಾರಿಯ ತುಟಿ ಸದ್ದಿಲ್ಲದೆ ಆಡಿತು. ಅದನ್ನು ಓದಿ ನಾನು ದನಿ ತೆಗೆಯುವಷ್ಟರಲ್ಲಿ ಸಾಲೇ ಮುಗಿದಿತ್ತು. ಮೊಣಕಾಲಿಗೆ ಪಟ್ಟನೆ ಒಂದು ಏಟು. ಎರಡನೇ ಸಲ ಬೇಗ ಎತ್ತಿದೆ, ಮತ್ತೊಂದು ಏಟು. ಮೂರನೇ ಸಲ ಗಂಗಿಯ ಕೊನೆಯ ಅಕ್ಷರದ ಒಳಗೇ ನನ್ನ ನಡುಗುವ ದನಿ ಹೊಕ್ಕಿತು. ಬಂಗಾರಿ ಕಣ್ಣು ಮುಚ್ಚಿದಳು. ತುಟಿ ನನ್ನ ಜೊತೆಗೇ ಆಡುತ್ತಿತ್ತು, ಕೆನ್ನೆ ಒದ್ದೆಯಾಗುತ್ತಿತ್ತು.

ಹಾಡು ಮುಗಿದಾಗ ಗಂಗಿ ಸೆರಗು ಬಾಯಿಗೆ ಒತ್ತಿ ನಕ್ಕಳು. "ಇದು ಎಂತಾ ಹಾಡು ಗೊತ್ತಾ ಹುಡುಗಿ? ಸೊಸೆನ ಮನೆ ತುಂಬಿಸ್ಕಳುವಾಗ ಹೇಳೂದು."

ಮಾಸ್ತರರು ಕಂಬಕ್ಕೆ ಒರಗಿ ನಿಂತಿದ್ದರು. ಜಗಲಿಯಲ್ಲಿ ಕ್ಯಾಲೆಂಡರ್ ಇರಲಿಲ್ಲ, ಪಾಪ, ನನ್ನನ್ನೇ ನೋಡಬೇಕಾಯಿತು.

"ಒಂದು ತೊಂದರೆ ಅದೆ," ಎಂದರು ಮೆಲ್ಲಗೆ. "ನಮ್ಮಲ್ಲಿ ಮದುಮಗಳು ತನ್ನ ಮದುವೇಲಿ ಹಾಡೂದಿಲ್ಲ. ತಲೆ ಬಗ್ಸಿ ನಿಂತಿರ್ತದೆ. ನೀವು ನನ್ನ ಮದುವೆಯಾದ್ರೆ, ಅವ್ವಿ ಸೊಲ್ಲು ಹೇಳೂರು ಯಾರು?"

ಬಂಗಾರಿ ಕಣ್ಣು ತೆರೆದು ನನ್ನ ಉತ್ತರಕ್ಕೆ ಕಾದಳು.

"ನಾನೇ ಹೇಳ್ತೆ," ಎಂದೆ. "ಊರವ್ರು ಎಷ್ಟು ಬೇಕಾದ್ರೂ ನಗ್ಲಿ."