ಸತ್ತ ಮರುದಿನದ ಫೋಟೋ

ಫೋಟೋದಲ್ಲಿ ಆನ್ಸೆಲ್ಮೋ ಕಣ್ಣು ಬಿಟ್ಟುಕೊಂಡೇ ಇದ್ದ. ಅದನ್ನು ಗುರುತಿನ ಚೀಟಿಯ ಚಿತ್ರದ ಜೊತೆ ಸಾಲದ ಕಂಪನಿಗೆ ಫೋನಿನಿಂದ ಕಳಿಸಿ, ಅವನ ಹೆಸರಲ್ಲಿ ಸಾಲ ಎತ್ತಿದ್ದು, ಅವನು ಸತ್ತ ಮರುದಿನ.

“ಸತ್ತೋರು ಫೋಟೋ ಕಳ್ಸಲ್ಲಮ್ಮ. ಸಾಲ ಎತ್ಕೊಂಡು ಎಲ್ಲೋ ಅವಿತಿದ್ದಾರೆ,” ಎಂದು ಪಿಂಚಣಿ ಕಚೇರಿಯ ಗುಮಾಸ್ತ, ಆನ್ಸೆಲ್ಮೋನ ಹೆಂಡತಿ ಎದೆಲ್ಮಿರಾಳ ವಿಧವಾ ವೇತನ ನಿಲ್ಲಿಸಿಬಿಟ್ಟ.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ವಾಲ್ಪರೈಸೊ ಊರಿನ ಆ ಗುಡ್ಡದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಬಾಗಿಲಿಗೆ ಓಡುತ್ತಿದ್ದಳು — ಅವನೇ ಇರಬಹುದೇ? ಅವನ ಗುರುತಿನ ಚೀಟಿಯನ್ನು ಹೆಣಕ್ಕೆ ತೊಡಿಸುವ ಕೋಟಿನ ಜೇಬಿನಲ್ಲಿ ಇಟ್ಟುಕೊಟ್ಟವಳು ಅವಳೇ. ಕೋಟು ಸಮಾಧಿ ಸೇರಿತ್ತು. ಚೀಟಿಯ ಚಿತ್ರ ಮಾತ್ರ ಕಂಪನಿಯಲ್ಲಿತ್ತು!

ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಜುನಿಲ್ಡಾ ಅಡುಗೆಮನೆಯಲ್ಲೇ ಕೂತಳು. ಆನ್ಸೆಲ್ಮೋನ ಸೋದರಳಿಯ ನಿಬಾಲ್ಡೋ ಚಹಾ, ಬೆಣ್ಣೆಹಣ್ಣು ಸವರಿದ ಬ್ರೆಡ್ಡು ತಂದಿಟ್ಟ.

“ಯಾವ್ದೋ ಹಳೇ ಫೋಟೋ ಮೇಡಂ. ಇಂಟರ್ನೆಟ್ ಕಳ್ರ ಕೆಲ್ಸ. ಈಗ ಎಲ್ಲರ ಮಾಹಿತೀನೂ ಸೋರ್ತದಲ್ಲ?”

“ಈ ಟೈ ಯಾವ್ದಮ್ಮ?” ಜುನಿಲ್ಡಾ ಫೋಟೋ ತೋರಿಸಿ ಎದೆಲ್ಮಿರಾಳನ್ನು ಕೇಳಿದಳು.

“ನಾನೇ ತಂದಿದ್ದು, ಅವ್ರು ಹೋದ ದಿನ. ಬದುಕಿದ್ದಾಗ ‘ಹಗ್ಗ ಕಟ್ಟೋಕೆ ನಾನೇನು ಕತ್ತೆನಾ’ ಅಂತಿದ್ರು...”

ಎದೆಲ್ಮಿರಾ ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ದಿನವೂ ಅವಳು ಆ ಕಣ್ಣುಗಳನ್ನಷ್ಟೇ ನೋಡಿದ್ದಳು.

“ಹಾಗಾದ್ರೆ ರಾತ್ರಿ ಹೆಣ ಕಾಯೋ ಜಾಗರಣೆಗೆ ಬಂದೋರಲ್ಲಿ ಯಾರೋ!” ನಿಬಾಲ್ಡೋ ಬಾಯಿ ಹಾಕಿದ. “ಇಲ್ಲಾ ಶವಪೆಟ್ಟಿಗೆ ಅಂಗಡಿಯ ಆ ಕುಡುಕ ರುಪೆರ್ತೋ!”

“ಜಾಗರಣೆ ಹೊತ್ತಿಗೆ ಪೆಟ್ಟಿಗೇಲಿ ಮುಖದ ಮೇಲೆ ಗಾಜು ಕೂರ್ಸಿದ್ರು,” ಎಂದಳು ಜುನಿಲ್ಡಾ. “ ಫೋಟೋದಲ್ಲಿ ಗಾಜಿನ ಹೊಳಪೇ ಇಲ್ಲ. ಅಂದ್ರೆ ಟೈ ಕಟ್ಟಿದ್ಮೇಲೆ, ಗಾಜು ಮುಚ್ಚೋ ಮುಂಚೆ ತೆಗ್ದಿದ್ದು. ಬಟ್ಟೆ ತೊಡ್ಸಿದ್ದು ಯಾರು? ರುಪೆರ್ತೋನಾ?”

ಎದೆಲ್ಮಿರಾ ನಿಬಾಲ್ಡೋನ ಕಡೆ ನಿಧಾನವಾಗಿ ತಿರುಗಿದಳು.

“ನೀನಲ್ವೇನೋ? ‘ನಮ್ಮಾವನ್ನ ಕಂಡೋರು ಮುಟ್ಬಾರ್ದು’ ಅಂತ ರುಪೆರ್ತೋನ ಆಚೆ ದಬ್ಬಿ, ಬಾಗಿಲು ಹಾಕ್ಕೊಂಡೆ. ಬೀದಿಗೆಲ್ಲ ಹೇಳ್ಕೊಂಡು ಮೆರೆದ್ನಲ್ಲೋ ನಾನು!”

“ಎಲ್ರೂ ಕಣ್ಣು ನೋಡಿದ್ರು, ಕೊರಳು ನೋಡ್ಲಿಲ್ಲ,” ಎಂದಳು ಜುನಿಲ್ಡಾ. “ಚೀಟಿ ಕೋಟಿನ ಜೇಬಲ್ಲೇ ಇವ್ನಿಗೆ ಸಿಕ್ತು, ಅದರ ಚಿತ್ರಾನೂ ತೆಗ್ದ. ರೆಪ್ಪೆ ಎರಡೂ ಮೇಲಕ್ಕೆ ಎತ್ತಿಟ್ಟ, ಫೋನ್ ಹಿಡಿದ. ಅಷ್ಟೇ. ಕಳ್ಳ ಇವ್ನೇ ಅಮ್ಮ. ನಿಮ್ಮ ಪಿಂಚಣಿ ನಿಮ್ಗೆ ಬರುತ್ತೆ.”

“ಸತ್ತೋರಿಗೆ ಸಾಲದ ಭಯ ಏನತ್ತೆ?” ನಿಬಾಲ್ಡೋ ತೊದಲಿದ. “ಮಾವಂಗೇನು ನಷ್ಟ?”

ಎದೆಲ್ಮಿರಾ ಹೊಡೆಯಲಿಲ್ಲ. ಅವನ ಗದ್ದ ಹಿಡಿದು ಮುಖ ಮೇಲೆತ್ತಿದಳು.

“ನಿಮ್ಮಾವ ಕಟ್ಟಕಡೆಗೆ ನೋಡಿದ್ದು ನಿನ್ನನ್ನ ಕಣೋ.”

ನಿಬಾಲ್ಡೋ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.