ಎಣ್ಣೆ ಹಚ್ಚಿದ ಕಾಲುಗಳು

"ಎಂಟನೇ ಕ್ಲಾಸು ದಾಟದ ಕತ್ತೆಗೆ ಕೆಲಸ ಕೊಟ್ಟಿದ್ದೇ ನಮ್ಮ ತಪ್ಪು! ಇವನ ಸೋಮಾರಿತನಕ್ಕೆ ಅಲ್ಲೊಂದು ಹೆಣ ಬಿತ್ತು!"

ಸಾಗರದ ಸಭಾಂಗಣದಲ್ಲಿ, ಮೈಕು ಹಿಡಿದೇ ಹೀಗೆ ಉಗಿದವರು ಒಕ್ಕೂಟದ ಅಧ್ಯಕ್ಷ ಮುಕುಂದಯ್ಯ. ಉಗಿಸಿಕೊಂಡವನು ಶ್ಯಾಮ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಸಣ್ಣಪುಟ್ಟ ಸಂಸ್ಥೆಗಳು ಕೂಡಿ ಕಟ್ಟಿದ ಒಕ್ಕೂಟ ಅದು. ಕಾಡಿನಲ್ಲಿ ಮಂಗ ಸತ್ತರೆ ಸುದ್ದಿ ಊರೂರಿಗೆ ಹಾರಬೇಕು. ಮಂಗನ ಕಾಯಿಲೆ ತರುವ ಉಣುಗು ಮೈಗೆ ಹತ್ತುವ ಮೊದಲೇ ಜನ ಎಚ್ಚರಾಗಬೇಕು. ಆದರೆ ಒಂದು ನಿಯಮ: ಸುದ್ದಿ ಮುಟ್ಟಿಸುವ ಊರಿನ ಕೊಂಡಿಗಳು ಒಕ್ಕೂಟದ ಕೇಂದ್ರಕ್ಕೆ ಮಾತ್ರ ಹೇಳಬೇಕು. ನೇರ ಜನರಿಗೆ ಹೇಳಿದರೆ ಕೆಲಸದಿಂದ ಕಿತ್ತೊಗೆಯುವುದು.

ಈ ಸಲ ಸುದ್ದಿ ಹಾರಲಿಲ್ಲ. ದನದ ಕೊಟ್ಟಿಗೆಗೆ ಹಾಸಲು ಕಾಡಿನ ಒಣಗಿದೆಲೆ, ದರಗು, ಗುಡಿಸಿ ತರಲು ಹೋದ ದುಗ್ಗಮ್ಮ ಜ್ವರ ಹತ್ತಿ ಸತ್ತಳು. ಮುಂದಿನ ಸಾಲಿನಲ್ಲಿ ಅವಳ ಮಗಳು ಯಶೋಧಾ. ಪಕ್ಕದಲ್ಲಿ ಒಕ್ಕೂಟಕ್ಕೆ ದುಡ್ಡು ಕೊಡುವ ಬೆಂಗಳೂರಿನ ಸಂಸ್ಥೆಯ ಚೈತನ್ಯಾ.

ಶ್ಯಾಮ ಎದ್ದು ನಿಂತ. ಕಿವಿ ಕೆಂಡವಾಗಿತ್ತು.

"ಜಟ್ಟಪ್ಪಣ್ಣ, ಸತ್ತ ಮಂಗನ್ನ ನೋಡಿದ್ದು ನೀವು. ಯಾರಿಗೆ ಹೇಳಿದ್ರಿ?"

"ನಿಂಗೇ ಮಾರಾಯ. ಗುಡ್ಡದ ನೆತ್ತಿಲಿ ಬಿದ್ದಿತ್ತು. ಆಚೆ ಇಳಿದ್ರೆ ದುಗ್ಗಮ್ಮನ ಮನೆ. ಹೊಸನಗರದ ಕೊಂಡಿ ನೀನಲ್ಲನಾ?"

"ನಾ ಎಂತ ಮಾಡ್ದೆ?"

"ನನ್ನೆದುರೇ ಫೋನ್ ತೆಗ್ದೆ. ಗಾಡಿ ಹತ್ತಿ ಹೊರಟ್ಯಲ್ಲ, ಮಾತು ನಂಗೆ ಕೇಳ್ಲಿಲ್ಲ."

ಕೇಂದ್ರದ ಸಂಯೋಜಕಿ ವನಮಾಲಾ ಮೆಲ್ಲಗೆ ನಕ್ಕಳು. "ಫೋನ್ ಬಂದಿದ್ದು ಹೌದು. ರಜೆ ಕೇಳಿದ. ಮಂಗನ ಸುದ್ದಿ ಎತ್ತಲೇ ಇಲ್ಲ."

"ಪಾಪ, ಮದುವೆಗೆ ಹುಡುಗಿ ನೋಡೋಕೆ ಹೊರಟಿದ್ನೇನೋ!" ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು. ಯಶೋಧಾ ನಗಲಿಲ್ಲ.

ಮಾತಿಗೆ ಮಾತು. ಸಾಕ್ಷಿ ಎಲ್ಲಿ? ಶ್ಯಾಮನ ಕಣ್ಣು ವೇದಿಕೆಯ ಬ್ಯಾನರಿಗೆ ಹೋಯಿತು. ಅವನು ಫೋನ್ ಮಾಡಿದ ಮರುದಿನ ಒಕ್ಕೂಟದವರು ಬೆಂಗಳೂರಿನ ಅತಿಥಿಗಳನ್ನು ಕಾಡು ತೋರಿಸಲು ಕರೆದೊಯ್ದಿದ್ದರು. ಆ ದಿನದ ಫೋಟೊ. ನಡುವೆ ತಲೆ ಮೇಲೆ ದರಗಿನ ಬುಟ್ಟಿ ಹೊತ್ತ ದುಗ್ಗಮ್ಮ. ಒಂದು ಕಡೆ ವನಮಾಲಾ, ಇನ್ನೊಂದು ಕಡೆ ಚೈತನ್ಯಾ.

ಎಲ್ಲರೂ ಆ ಫೋಟೊದ ಮುಖಗಳನ್ನೇ ನೋಡಿದ್ದರು. ಶ್ಯಾಮ ಕಾಲುಗಳನ್ನು ನೋಡಿದ.

"ಚೈತನ್ಯಾ ಮೇಡಂ, ನಿಮ್ ಕಾಲು ಯಾಕೆ ಅಷ್ಟು ಹೊಳೀತಿದೆ?"

"ಅದಾ? ಎಣ್ಣೆ. ವನಮಾಲಾ ಅವರು ಜೀಪಲ್ಲೇ ಹಚ್ಚಿಸಿದ್ರು."

"ಎಂತಕ್ಕೆ ಅಂದ್ರು?"

"ಇಂಬಳ, ಅದೇ ಜಿಗಣೆ, ಕಚ್ಚಬಾರದು ಅಂತ."

ಸಭೆಯ ತಲೆಗಳೆಲ್ಲ ವನಮಾಲಾಳ ಕಡೆ ತಿರುಗಿದವು. ಬೆಂಗಳೂರಿನ ಹುಡುಗಿಗೆ ಯಾಕೆಂದು ತಿಳಿಯಲಿಲ್ಲ. ಉಳಿದವರಿಗೆಲ್ಲ ತಿಳಿಯಿತು.

"ಫೆಬ್ರವರಿಲಿ ಇಂಬಳವಾ?" ಜಟ್ಟಪ್ಪ ಬಾಯಿ ಬಿಟ್ಟ. "ದರಗು ಹಪ್ಪಳ ಆಗಿರ್ತದೆ!"

"ಅದೇ! ಇಂಬಳ ಮಳೆಗಾಲದ್ದು. ಒಣ ದರಗಲ್ಲಿ ಇರೋದು ಉಣುಗು. ಸುದ್ದಿನೇ ಬಂದಿಲ್ಲ ಅಂದ್ಮೇಲೆ ಉಣುಗು ತಡೆಯೋ ಎಣ್ಣೆ ಯಾಕೆ ತೆಗೆದ್ರಿ, ವನಮಾಲಾ ಮೇಡಂ? ತೆಗೆದ್ರಿ ಸರಿ — ಅದಕ್ಕೆ ಇಂಬಳದ ಹೆಸರು ಯಾಕೆ ಹೇಳಿದ್ರಿ?"

"ಅದು... ಸುಮ್ನೆ ಮುನ್ನೆಚ್ಚರಿಕೆ—"

"ಹೌದಾ? ನಡುವೆ ನಿಂತ ದುಗ್ಗಮ್ಮನ ಕಾಲು ನೋಡಿ. ಬರೀ ಧೂಳು! ಇವಳಿಗೆ ಹಚ್ಚೋಕೆ ಡಬ್ಬಿ ಖಾಲಿ ಆಗಿತ್ತಾ? ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಅವಳ ಪಕ್ಕ ನಿಂತು ಹಲ್ಲು ಕಿರಿದ್ರಿ."

ವನಮಾಲಾಳ ಮುಖ ಬಿಳಚಿತು. "ಅವತ್ತು ಸುದ್ದಿ ಬಿಟ್ಟಿದ್ರೆ ಕಾಡಿನ ದಾರಿನೇ ಬಂದ್ ಮಾಡ್ತಿದ್ರು. ಮೇಡಂ ಏನು ನೋಡ್ತಿದ್ರು? ದುಡ್ಡು ಬರದೆ ಮೂರು ತಾಲ್ಲೂಕಿನ ಕೆಲಸ ನಿಂತೋಗ್ತಿತ್ತು! ಅವರು ಹೋದ್ಮೇಲೆ ಹೇಳೋಣ ಅಂತಿದ್ದೆ..."

"ಹೇಳಿದ್ರಾ?"

ಚೈತನ್ಯಾ ಬ್ಯಾನರಿನಲ್ಲಿದ್ದ ತನ್ನ ಕಾಲುಗಳನ್ನೇ ನೋಡುತ್ತಿದ್ದಳು.

ಮುಕುಂದಯ್ಯ ಮೈಕು ಆರಿಸಿ ಹತ್ತಿರ ಬಂದರು. ದನಿ ಬೆಣ್ಣೆಯಾಗಿತ್ತು. "ಆಗಿದ್ದು ಆಯ್ತು ಕಣೋ. ನಾಳೆಯಿಂದ ಕೇಂದ್ರ ನೀನೇ ನೋಡ್ಕೋ. ಹೊರಗಡೆ ಎಲ್ಲೂ ಬಾಯಿ ಬಿಡ್ಬೇಡ."

ಶ್ಯಾಮ ಉಗಿಯಲು ಬಾಯಿ ತೆರೆದ. ಅಷ್ಟರಲ್ಲಿ ಯಶೋಧಾ ಎದ್ದಳು. ಅವಳು ವನಮಾಲಾಳತ್ತ ತಿರುಗಿಯೂ ನೋಡಲಿಲ್ಲ.

"ಶ್ಯಾಮಣ್ಣ, ನಮ್ ಕಡೆ ಬಂದಾಗೆಲ್ಲ ಅಮ್ಮ ನಿಂಗೆ ಉಣ್ಣೋಕೆ ಇಕ್ತಿದ್ಲು. ಮನೆ ನಂಬರೂ ಇತ್ತು ನಿನ್ನತ್ರ. ಕೇಂದ್ರದವ್ರಿಗೆ ಮಾಡ್ದೆ. ನಮ್ಗೊಂದು ಫೋನ್ ಮಾಡೋಕೆ ಎಂತ ಆಗಿತ್ತು ನಿಂಗೆ?"

ಕೇಂದ್ರಕ್ಕೆ ಮಾತ್ರ ಹೇಳಬೇಕೆಂಬ ಆ ನಿಯಮ ಶ್ಯಾಮನ ನಾಲಿಗೆಯ ತುದಿಗೆ ಬಂತು. ಅಲ್ಲೇ ಅಂಟಿಕೊಂಡಿತು.

ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಬಾಗಿಲು ದಾಟಿ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.