ಅವನ ತೋಳಿನ ದಾರ

"ಇವರಾ? ಬೇಡವೇ ಬೇಡ!"

ಟೈಲರಮ್ಮ ಮುಖ ತಿರುಗಿಸಿದಳು. ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು, ಹಟ ಮಾತ್ರ ಸೋತಿರಲಿಲ್ಲ!

ಬಾಗಿಲಲ್ಲಿ ನಿಂತಿದ್ದವನು ಪಕ್ಕದ ಅಂಗಡಿಯ ವಾಚ್ ರಿಪೇರಿಯವನು. ಅವನ ಗೋಡೆ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದಾಗ ಇವಳ ಹೊಲಿಗೆ ಸೊಟ್ಟಗಾಗುತ್ತಿತ್ತು. ಆಮೇಲೆ ಜಗಳ!

"ದಿನಾ ಬಂದು ಕೈಗೆ ವ್ಯಾಯಾಮ ಮಾಡಿಸ್ತೀನಿ ಅಂತ ಅವರಾಗೇ ಒಪ್ಪಿದ್ದಾರೆ, ಸುಮ್ನಿರು," ಎಂದರು ಅತ್ತಿಗೆ. "ಈ ತಿಂಗಳು ನೋಡೋಣ. ಸೂಜಿ ಹಿಡಿಯೋಕಾಗದಿದ್ರೆ ಅಂಗಡಿ ಬೇರೆಯವರಿಗೆ ಕೊಟ್ಟು ನಮ್ಮನೆಗೆ ಬಂದ್ಬಿಡು."

ಅಂಗಡಿ ಬಿಡುವುದಾ…?

ಥೆರಪಿಸ್ಟ್ ಮೇಡಂ ಅವಳ ಎಡಗಿವಿಗೆ ಪುಟ್ಟ ಕ್ಲಿಪ್ ಹಾಕಿ, ಅದರ ಸ್ವಿಚ್ಚನ್ನು ವಾಚ್ ರಿಪೇರಿಯವನ ಕೈಗಿತ್ತರು.

"ಒತ್ತಿದ್ರೆ ಕಿವಿಯ ನರಕ್ಕೆ ಸಣ್ಣ ಕರೆಂಟ್ ಹೋಗುತ್ತೆ. ಚುಚ್ಚೋದು, ಕೊಯ್ಯೋದು ಏನಿಲ್ಲ. ಬೆರಳು ಸರಿಯಾಗಿ ಆಡಿದ ಕ್ಷಣಕ್ಕೇ ಒತ್ತಬೇಕು. 'ಇದೇ ಸರಿ, ನೆನಪಿಟ್ಕೋ' ಅಂತ ಮೆದುಳಿಗೆ ಹೇಳಿದ ಹಾಗೆ. ಗುಣ ಕಾಣಬಹುದು, ಖಾತ್ರಿ ಕೊಡಲ್ಲ. ಸುಮ್ಸುಮ್ನೆ ಮಾತ್ರ ಒತ್ತಬೇಡಿ!"

ಅಂದಿನಿಂದ ಮಧ್ಯಾಹ್ನಗಳಲ್ಲಿ ಕಟಿಂಗ್ ಮೇಜಿನ ಮೇಲೆ ಗುಂಡಿಗಳ ಡಬ್ಬಿ. ಒಂದೊಂದೇ ಗುಂಡಿ ಹಿಡಿದೆತ್ತಿ ಬಟ್ಟಲಿಗೆ ಹಾಕಬೇಕು.

"ಎತ್ತಿದ್ನಲ್ರೀ! ಒತ್ರಿ!"

"ಜಾರಿಸಿದ್ರಿ. ಎತ್ತಿಲ್ಲ."

"ಕಲ್ಲು ಮನಸ್ಸು ನಿಮ್ದು!"

"ಬೈಯೋಕೆ ನಿಮಗೆ ಕೈ ಬೇಕಾಗೇ ಇಲ್ಲ ನೋಡಿ."

ನಗಬಾರದೆಂದುಕೊಂಡೇ ನಕ್ಕುಬಿಡುತ್ತಿದ್ದಳು. ಬೆರಳು ಸರಿಯಾಗಿ ಕೂಡಿದಾಗ ಕಿವಿಯಲ್ಲಿ 'ಜುಮ್'. ಬರಬರುತ್ತಾ ಆ ಜುಮ್‌ಗಿಂತ ಮೊದಲು, ಬಾಗಿಲಲ್ಲಿ ಅವನ ಚಪ್ಪಲಿ ಸದ್ದಿಗೆ ಕಾಯತೊಡಗಿದಳು…

ತಿಂಗಳು ಮುಗಿಯುತ್ತ ಬಂತು. ಗುಂಡಿ ಏಳುತ್ತಿತ್ತು. ಸೂಜಿ?

ಹಿಡಿದಳು, ಜಾರಿತು. ಮತ್ತೆ ಹಿಡಿದಳು, ಮೇಜಿನಿಂದ ನೆಲಕ್ಕೇ ಬಿತ್ತು.

"ನಾಳೆ ಅಂಗಡಿ ನೋಡೋಕೆ ಯಾರೋ ಬರ್ತಿದ್ದಾರಂತೆ…" ಅವಳ ಕಣ್ಣೆಲ್ಲ ಮಂಜು.

ಜುಮ್!

ಅವಳು ಕೆರಳಿದಳು. "ಯಾಕೆ ಒತ್ತಿದ್ರಿ? ಸೂಜಿ ನೆಲದ ಮೇಲಿದೆ! ಅಯ್ಯೋ ಪಾಪ ಅಂತಾನಾ? ನಿಮ್ಮ ಕನಿಕರ ಯಾರಿಗೆ ಬೇಕು? ಹೊರಡ್ರಿ!"

ಅವನು ಕದಲಲಿಲ್ಲ.

"ಹೊರಡ್ತೀನಿ. ಮೊದ್ಲು ನನ್ನ ಬಿಡಿ."

ಅವಳು ಕೆಳಗೆ ನೋಡಿದಳು. ಮೇಜಿನ ಮೇಲೆ ಅವಳ ಕೈಗೆ ತಾಗಿದಂತಿದ್ದ ಅವನ ಅಂಗಿಯ ತೋಳಿನಂಚಿನಲ್ಲಿ ಹೊಲಿಗೆ ಬಿಚ್ಚಿ ದಾರವೊಂದು ನೇತಾಡುತ್ತಿತ್ತು. ಅದನ್ನು ಅವಳ ಬಲಗೈಯ ಹೆಬ್ಬೆರಳೂ ತೋರುಬೆರಳೂ ಭದ್ರವಾಗಿ ಹಿಡಿದಿದ್ದವು!

ಸೂಜಿಗಿಂತ ಸಪೂರ ದಾರ…

"ಇದು… ಯಾವಾಗ?"

"ನೀವು ಅಳ್ತಿದ್ರಿ. ನಿಮ್ಮ ಕೈ ಅದರ ಪಾಡಿಗೆ ಕೆಲಸ ಮಾಡ್ತಿತ್ತು."

ಅವಳು ಅಳುತ್ತಲೇ ನಕ್ಕಳು. "ಇಷ್ಟು ಬಿಚ್ಚೋವರೆಗೂ ಹಾಕ್ಕೊಂಡು ತಿರುಗಿದ್ರಾ? ಬೇರೆ ಟೈಲರ್ ಹತ್ರ ಕೊಡೋಕೇನಾಗಿತ್ತು?"

"ಮನಸ್ಸು ಬರ್ಲಿಲ್ಲ." ಅವನು ತಲೆ ತಗ್ಗಿಸಿದ. "ನಿಮ್ಮ ಕೈಯೇ ಹೊಲೀಲಿ ಅಂತ ಇಟ್ಕೊಂಡಿದ್ದೆ. ನೀವು ಪಕ್ಕದಲ್ಲಿ ಇಲ್ಲದಿದ್ರೆ ನನ್ನ ಗಡಿಯಾರಗಳನ್ನ ಬೈಯೋರು ಯಾರು?"

ಅವಳು ದಾರ ಬಿಡಲಿಲ್ಲ.

"ನಾಳೆ ಅತ್ತಿಗೆಗೆ ಏನು ಹೇಳ್ಲಿ?"

"ಅಂಗಡಿಗೆ ಕೆಲಸ ಬಂದಿದೆ ಅನ್ನಿ. ಒಂದು ತೋಳು. ಮುಗಿಸೋಕೆ ಜೀವಮಾನ ಹಿಡಿದ್ರೂ ಗಿರಾಕಿ ಕಾಯ್ತಾನಂತೆ ಅನ್ನಿ."

ಕಿವಿಯಿಂದ ಕೆನ್ನೆವರೆಗೂ ಜುಮ್ಮೆಂದಿತು.

"ಈಗ ಯಾಕ್ರೀ ಒತ್ತಿದ್ರಿ?"

"ಸ್ವಿಚ್ ಆಗಲೇ ಮೇಜಿನ ಮೇಲಿಟ್ಟಿದ್ದೀನಿ… ನೋಡಿ."